ಸರಿಜೋಡಿ: ದಾವಣಗೆರೆಯಿಂದ ಕಂಡ ಫುಟ್ಸಾಲ್

ನಮ್ಮೂರಿನಲ್ಲಿ ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕೆಯ ಜಾತ್ರೆ ನಡೆಯುತ್ತದೆ. ಜಾತ್ರೆಯ ಬಯಲು ಕುಸ್ತಿಯಲ್ಲಿ ಪಟ್ಟು ಹಾಕುವುದಕ್ಕೂ ಮೊದಲು ನಡೆಯುವ ಒಂದು ಕೆಲಸವನ್ನು ನಾನು ಚಿಕ್ಕಂದಿನಿಂದಲೂ ಕಣ್ಣು ಮಿಟುಕಿಸದೆ ನೋಡುತ್ತ ಬಂದಿದ್ದೇನೆ. ಅದು ಜೋಡಿ ಕಟ್ಟುವ ಕೆಲಸ. ಹಿರಿಯ ಉಸ್ತಾದರೊಬ್ಬರು ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಭುಜದ ಎತ್ತರ, ಕತ್ತಿನ ದಪ್ಪ, ವಯಸ್ಸು, ಯಾವ ಗರಡಿ, ಎಷ್ಟು ವರ್ಷದ ಪಳಗು ಎಂಬುದನ್ನೆಲ್ಲ ಕಣ್ಣಳತೆಯಲ್ಲೇ ತೂಗಿ ನೋಡಿ, ಒಪ್ಪಿಗೆಯಾದರೆ ಇಬ್ಬರ ಕೈಗಳನ್ನೂ ಒಟ್ಟಿಗೆ ಹಿಡಿದು ಮೇಲೆತ್ತುತ್ತಾರೆ. ಒಪ್ಪಿಗೆಯಾಗದಿದ್ದರೆ ಒಬ್ಬನ ಬೆನ್ನು ತಟ್ಟಿ ಪಕ್ಕಕ್ಕೆ ಕಳಿಸುತ್ತಾರೆ. ಜೋಡಿ ಸರಿಯಿಲ್ಲದ ಕುಸ್ತಿಯಲ್ಲಿ ಗೆದ್ದವನೂ ಏನೂ ಕಲಿಯುವುದಿಲ್ಲ, ಸೋತವನೂ ಏನೂ ಕಲಿಯುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಆ ಮಾತು ಇಷ್ಟು ವರ್ಷಗಳ ನಂತರ ಮತ್ತೆ ನೆನಪಾದದ್ದು 2026ರ ಜನವರಿಯಲ್ಲಿ, ಕುಸ್ತಿಗೆ ಸಂಬಂಧವೇ ಇಲ್ಲದ ಒಂದು ಆಟವನ್ನು ಮೊಬೈಲಿನ ಪರದೆಯ ಮೇಲೆ ನೋಡುತ್ತಿದ್ದಾಗ.

ಆ ತಿಂಗಳು ಥಾಯ್ಲೆಂಡಿನಲ್ಲಿ ದಕ್ಷಿಣ ಏಷ್ಯಾದ ಏಳು ದೇಶಗಳ ತಂಡಗಳು ಮೊತ್ತಮೊದಲ ಬಾರಿಗೆ ಸ್ಯಾಫ್, ಅಂದರೆ ದಕ್ಷಿಣ ಏಷ್ಯಾದ ಫುಟ್‌ಬಾಲ್ ಒಕ್ಕೂಟದ, ಫುಟ್ಸಾಲ್ ಚಾಂಪಿಯನ್‌ಷಿಪ್ ಆಡಿದವು. ಫುಟ್ಸಾಲ್ ಎಂದರೆ ಒಳಾಂಗಣದ ಗಟ್ಟಿ ನೆಲದ ಮೇಲೆ ತಂಡಕ್ಕೆ ಐವರಂತೆ ಆಡುವ ಫುಟ್‌ಬಾಲ್. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ ಮತ್ತು ಮಾಲ್ಡೀವ್ಸ್ ದೇಶಗಳು ಪುರುಷರ ತಂಡಗಳನ್ನೂ ಮಹಿಳೆಯರ ತಂಡಗಳನ್ನೂ ಕಳಿಸಿದ್ದವು. ನಾನು ಹಗಲಿನಲ್ಲಿ ಮಂಡಿಯ ಲೆಕ್ಕ ಬರೆಯುವವನು. ಸಂಜೆ ಮನೆಗೆ ಬಂದು, ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಗಳ ಜೊತೆ ಮಂಡಕ್ಕಿಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಆ ಪಂದ್ಯಗಳನ್ನು ನೋಡಿದೆ. ಅವಳಿಗೆ ಆಟದ ಮೇಲೆ ಪ್ರೀತಿ, ನನಗೆ ಆಟದ ಹಿಂದಿನ ಲೆಕ್ಕದ ಮೇಲೆ ಪ್ರೀತಿ. ಫುಟ್ಸಾಲ್‌ನಲ್ಲಿ ಇವೆರಡಕ್ಕೂ ಧಾರಾಳವಾಗಿ ಜಾಗವಿದೆ.

ಈ ಆಟವನ್ನು ಚಿಕ್ಕ ಮೈದಾನದ ಫುಟ್‌ಬಾಲ್ ಎಂದು ಹೇಳಿ ಮುಗಿಸುವವರೇ ಹೆಚ್ಚು. ನಮ್ಮೂರಿನಲ್ಲಂತೂ ಬಲೆ ಕಟ್ಟಿದ, ಹಸಿರು ಪ್ಲಾಸ್ಟಿಕ್ ಹುಲ್ಲು ಹಾಸಿದ, ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಟರ್ಫ್‌ಗಳಲ್ಲಿ ರಾತ್ರಿ ಹನ್ನೊಂದರವರೆಗೆ ನಡೆಯುವ ಆಟಕ್ಕೂ ಇದೇ ಹೆಸರನ್ನು ಅಂಟಿಸಿಬಿಟ್ಟಿದ್ದಾರೆ. ಆದರೆ ಟರ್ಫ್‌ನಲ್ಲಿ ಚೆಂಡು ಬಲೆಗೆ ಬಡಿದು ಮತ್ತೆ ಆಟದೊಳಕ್ಕೆ ಬರುತ್ತದೆ, ಫುಟ್ಸಾಲ್‌ನಲ್ಲಿ ಗೆರೆ ದಾಟಿದ ಚೆಂಡು ಹೊರಗೆ ಹೋದಂತೆಯೇ ಲೆಕ್ಕ. ಟರ್ಫ್‌ನಲ್ಲಿ ನೆಲ ಮೆತ್ತಗೆ, ಇಲ್ಲಿ ಮರದ್ದೋ ರಬ್ಬರಿನದ್ದೋ ಗಟ್ಟಿ ನೆಲ. ಅಲ್ಲಿ ಗೋಡೆಯ ನೆರವಿನಿಂದ ಪಾರಾಗಬಹುದಾದ ತಪ್ಪು ಇಲ್ಲಿ ನಾಲ್ಕು ಸೆಕೆಂಡಿನೊಳಗೆ ಎದುರಾಳಿಯ ಗೋಲಾಗಿ ಪರಿಣಮಿಸುತ್ತದೆ.

1930ರಲ್ಲಿ ಉರುಗ್ವೆಯ ಮೊಂಟೆವಿಡಿಯೊ ನಗರದ ವೈಎಂಸಿಎಯಲ್ಲಿ ಶಿಕ್ಷಕರಾಗಿದ್ದ ಹುವಾನ್ ಕಾರ್ಲೋಸ್ ಸೆರಿಯಾನಿ ಈ ಆಟಕ್ಕೆ ನಿಯಮಗಳನ್ನು ಬರೆದರು. ಅದೇ ವರ್ಷ ಅದೇ ಊರಿನಲ್ಲಿ ಮೊದಲ ಫುಟ್‌ಬಾಲ್ ವಿಶ್ವಕಪ್ ನಡೆದು ಉರುಗ್ವೆ ಗೆದ್ದಿತ್ತು. ಸೆರಿಯಾನಿ ಬ್ಯಾಸ್ಕೆಟ್‌ಬಾಲ್‌ನಿಂದ ಐದು ಆಟಗಾರರನ್ನೂ ನಲವತ್ತು ನಿಮಿಷದ ಅವಧಿಯನ್ನೂ ತೆಗೆದುಕೊಂಡರು, ಹ್ಯಾಂಡ್‌ಬಾಲ್‌ನಿಂದ ಅಂಕಣದ ಮತ್ತು ಗೋಲಿನ ಅಳತೆ ತೆಗೆದುಕೊಂಡರು, ಗೋಲ್‌ಕೀಪರ್‌ನ ಕಟ್ಟಳೆಗಳಿಗೆ ವಾಟರ್ ಪೋಲೊ ಕಡೆ ನೋಡಿದರು. ಹೀಗೆ ನಾಲ್ಕಾರು ಆಟಗಳಿಂದ ಎರವಲು ತಂದ ಸಾಮಾನುಗಳಿಂದಲೇ ಕಟ್ಟಿದ ಮನೆ ಇದು. ಈ ಹ್ಯಾಂಡ್‌ಬಾಲ್‌ನ ವಿಷಯವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮೂರಿಗೆ ಬರುವಾಗ ಅದು ಮತ್ತೆ ಬೇಕಾಗುತ್ತದೆ.

ಚೆಂಡಿನಿಂದ ತೊಡಗಬೇಕು, ಏಕೆಂದರೆ ಮಗಳಿಗೆ ಆಟ ಅರ್ಥವಾದದ್ದೇ ಚೆಂಡಿನಿಂದ. ಫುಟ್ಸಾಲ್ ಚೆಂಡು ನಾಲ್ಕನೇ ಅಳತೆಯದು. ಸುತ್ತಳತೆ 62ರಿಂದ 64 ಸೆಂಟಿಮೀಟರ್, ತೂಕ 400ರಿಂದ 440 ಗ್ರಾಂ. ಎರಡು ಮೀಟರ್ ಎತ್ತರದಿಂದ ಬಿಟ್ಟಾಗ ಅದರ ಮೊದಲ ಪುಟಿತ 50 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು, 65 ಸೆಂಟಿಮೀಟರನ್ನು ಮೀರಬಾರದು ಎಂದು ನಿಯಮವೇ ಹೇಳುತ್ತದೆ. ನಾವು ಇದನ್ನು ಮನೆಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಪರೀಕ್ಷೆ ಮಾಡಿದೆವು. ಗೋಡೆಯ ಮೇಲೆ ಅಳತೆ ಟೇಪು ಹಿಡಿದು ಪೆನ್ಸಿಲಿನಿಂದ ಎರಡು ಮೀಟರಿಗೆ ಒಂದು ಗೆರೆ, 50ಕ್ಕೆ ಒಂದು, 65ಕ್ಕೆ ಒಂದು ಗೆರೆ ಎಳೆದೆ. ಅವಳು ಸ್ಟೂಲಿನ ಮೇಲೆ ನಿಂತು ಚೆಂಡು ಬಿಟ್ಟಳು, ನಾನು ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ ನೋಡಿದೆ. ಚೆಂಡು ದಪ್ಪನೆಯ ಸದ್ದು ಮಾಡಿ, ಎರಡು ಗೆರೆಗಳ ನಡುವಿನವರೆಗೆ ಎದ್ದು, ಸುಸ್ತಾದಂತೆ ಇಳಿದುಬಿಟ್ಟಿತು. ಪಕ್ಕದ ಮನೆಯ ಹುಡುಗನ ಮಾಮೂಲಿ ಫುಟ್‌ಬಾಲನ್ನು ಅದೇ ಎತ್ತರದಿಂದ ಬಿಟ್ಟಾಗ ಅದು ಮೇಲಿನ ಗೆರೆಯನ್ನು ಎಷ್ಟೋ ದಾಟಿ ನನ್ನ ಎದೆಯ ಮಟ್ಟಕ್ಕೆ ಹಾರಿತು. ಪುಟಿಯದ ಚೆಂಡು ನೆಲವನ್ನು ಬಿಡುವುದಿಲ್ಲ, ನೆಲವನ್ನು ಬಿಡದ ಚೆಂಡನ್ನು ಅಂಗಾಲಿನಿಂದ ಒತ್ತಿ ಹಿಡಿಯಬೇಕಾಗುತ್ತದೆ, ಅಂಗಾಲಿನಿಂದ ಹಿಡಿದವನು ಕತ್ತೆತ್ತಿ ಸುತ್ತಲೂ ನೋಡಬಲ್ಲ. ಫುಟ್ಸಾಲ್ ಆಟಗಾರನ ಜಾಣ್ಮೆಯ ಅರ್ಧಪಾಲು ಈ ಸರಪಳಿಯಿಂದಲೇ ಹುಟ್ಟುತ್ತದೆ ಎಂದು ನನಗೆ ಅನಿಸುತ್ತದೆ.

ಇನ್ನರ್ಧ ಲೆಕ್ಕದಿಂದ ಹುಟ್ಟುತ್ತದೆ. ಇಪ್ಪತ್ತು ನಿಮಿಷದ ಎರಡು ಅವಧಿಗಳು. ಚೆಂಡು ಹೊರಗೆ ಹೋದಾಗಲೆಲ್ಲ ಗಡಿಯಾರ ನಿಲ್ಲುವುದರಿಂದ ನಲವತ್ತು ನಿಮಿಷದ ಆಟ ಮುಗಿಯಲು ಒಂದೂವರೆ ಗಂಟೆಯ ಹತ್ತಿರ ಹಿಡಿಯುತ್ತದೆ. ಕಿಕ್ ಇನ್ (ಬದಿಗೆರೆ ದಾಟಿದ ಚೆಂಡನ್ನು ಕಾಲಿನಿಂದ ಒಳಕ್ಕೆ ಹಾಕುವುದು), ಫ್ರೀ ಕಿಕ್, ಕಾರ್ನರ್, ಗೋಲ್‌ಕೀಪರ್‌ನ ಎಸೆತ ಎಲ್ಲವನ್ನೂ ನಾಲ್ಕು ಸೆಕೆಂಡಿನಲ್ಲಿ ಮುಗಿಸಬೇಕು. ರೆಫರಿ ತೋಳೆತ್ತಿ ಒಂದೊಂದೇ ಬೆರಳು ಬಿಚ್ಚುತ್ತ ಎಣಿಸುವುದನ್ನು ನೋಡಿದರೆ ಕಬಡ್ಡಿ ದಾಳಿಗಾರನ ಮೂವತ್ತು ಸೆಕೆಂಡು ನೆನಪಾಗುತ್ತದೆ. ತಂಡದ ತಪ್ಪುಗಳನ್ನು ಒಂದು ಅವಧಿಯುದ್ದಕ್ಕೂ ಕೂಡಿಸುತ್ತ ಹೋಗುತ್ತಾರೆ. ಐದರವರೆಗೆ ಎದುರಾಳಿಗೆ ಸಾಮಾನ್ಯ ಫ್ರೀ ಕಿಕ್, ಆರನೆಯದರಿಂದ ಮುಂದೆ ಆಟಗಾರರ ಅಡ್ಡಗೋಡೆ ಕಟ್ಟಲು ಅವಕಾಶವಿಲ್ಲದೆ ಗೋಲಿನಿಂದ ಹತ್ತು ಮೀಟರ್ ದೂರದ ಗುರುತಿನಿಂದ ನೇರ ಹೊಡೆತ. ಆದ್ದರಿಂದ ನಾಲ್ಕನೆಯ ತಪ್ಪಾದ ಕೂಡಲೇ ಇಡೀ ತಂಡದ ಮೈಕಟ್ಟು ಬದಲಾಗುತ್ತದೆ. ಅಲ್ಲಿಯವರೆಗೆ ಭುಜಕ್ಕೆ ಭುಜ ಕೊಟ್ಟು ಎರಗುತ್ತಿದ್ದ ಹುಡುಗ ಕೈಗಳನ್ನು ಹಿಂದೆ ಕಟ್ಟಿಕೊಂಡು ಹಿಮ್ಮಡಿಯ ಮೇಲೆ ಹಿಂದಕ್ಕೆ ಸರಿಯತೊಡಗುತ್ತಾನೆ. ಮಾಡದೆ ಉಳಿಸಿಟ್ಟ ತಪ್ಪನ್ನು ಉಳಿತಾಯದ ದುಡ್ಡಿನಂತೆ ಕಾಯ್ದುಕೊಳ್ಳುವ ಇನ್ನೊಂದು ಆಟವನ್ನು ನಾನು ನೋಡಿಲ್ಲ.

ಹಿಂದೆ ಬಿದ್ದ ತಂಡ ಕೊನೆಯ ನಿಮಿಷಗಳಲ್ಲಿ ಮಾಡುವ ಪಣದ ಆಟವೊಂದಿದೆ. ಗೋಲ್‌ಕೀಪರನ್ನು ಹೊರಗೆ ಕರೆಸಿ, ಕೀಪರ್‌ನ ಬಣ್ಣದ ಅಂಗಿ ತೊಟ್ಟ ಐದನೇ ಆಟಗಾರನನ್ನು ಒಳಗೆ ಬಿಡುತ್ತಾರೆ. ಈಗ ಎದುರಾಳಿಯ ನಾಲ್ವರ ಸುತ್ತ ಐವರು; ಬೆನ್ನ ಹಿಂದೆ ಮಾತ್ರ ಮೂರು ಮೀಟರ್ ಅಗಲದ, ಎರಡು ಮೀಟರ್ ಎತ್ತರದ ಗೋಲು ಬರಿದಾಗಿ ಬಾಯಿ ತೆರೆದು ಕುಳಿತಿರುತ್ತದೆ. ಒಂದು ಪಾಸು ತಪ್ಪಿದರೆ ಎದುರಾಳಿ ಅಲ್ಲಿಂದಲೇ ನಲವತ್ತು ಮೀಟರ್ ಉದ್ದಕ್ಕೆ ಚೆಂಡು ಉರುಳಿಸಿ ಗೋಲು ಗಳಿಸಬಹುದು. ಈ ಹೊತ್ತಿನಲ್ಲಿ ಮಗಳು ಮಂಡಕ್ಕಿ ತಿನ್ನುವುದನ್ನು ನಿಲ್ಲಿಸಿ ನನ್ನ ತೋಳು ಹಿಡಿದುಕೊಳ್ಳುತ್ತಾಳೆ.

ಇನ್ನು ಜೋಡಿಯ ಮಾತು. ಭಾರತದ ಪುರುಷರ ಫುಟ್ಸಾಲ್ ತಂಡ ತನ್ನ ಮೊದಲ ಅಧಿಕೃತ ಅಂತರರಾಷ್ಟ್ರೀಯ ಟೂರ್ನಿ ಪಂದ್ಯ ಆಡಿದ್ದು 2023ರ ಅಕ್ಟೋಬರಿನಲ್ಲಿ, ತಜಿಕಿಸ್ತಾನದ ದುಶಾಂಬೆಯಲ್ಲಿ ನಡೆದ ಏಷ್ಯನ್ ಕಪ್ ಅರ್ಹತಾ ಸುತ್ತಿನಲ್ಲಿ. ಏಷ್ಯಾದ ಈ ಟೂರ್ನಿ ಕ್ವಾಲಾಲಂಪುರದಲ್ಲಿ ಆರಂಭವಾದದ್ದು 1999ರಲ್ಲಿ. ಅಂದರೆ ನಾವು ಅಖಾಡಕ್ಕೆ ಕಾಲಿಡುವ ಹೊತ್ತಿಗೆ ಇರಾನ್, ಜಪಾನ್, ಉಜ್ಬೇಕಿಸ್ತಾನ್ ಮುಂತಾದ ದೇಶಗಳು ಸುಮಾರು ಕಾಲು ಶತಮಾನ ಪಳಗಿದ್ದವು. ದುಶಾಂಬೆಯಿಂದ ತಂಡ ಗೆಲುವಿಲ್ಲದೆ ಮರಳಿತು. ಆ ಹುಡುಗರ ಶ್ರಮದ ಬಗ್ಗೆ ನನಗೆ ಗೌರವವೇ ಇದೆ. ನನ್ನ ದುಃಖ ಅವರನ್ನು ಯಾರ ಎದುರು ನಿಲ್ಲಿಸಿದರು ಎಂಬುದರ ಬಗ್ಗೆ. ಹೊಸ ಪೈಲ್ವಾನನನ್ನು ನೇರವಾಗಿ ಬೆಳ್ಳಿ ಗದೆಯ ಕುಸ್ತಿಗೆ ಇಳಿಸಿದಂತಾಗಿತ್ತು ಅದು. ಚೆಂಡು ಎದುರಾಳಿಯ ಕಾಲಿನಲ್ಲೇ ಉಳಿದಾಗ ನಮ್ಮ ಹುಡುಗರು ಕಲಿಯುವುದು ಕಾಯುವುದನ್ನು ಮಾತ್ರ. ತಾವಾಗಿ ಆಟ ಕಟ್ಟುವುದನ್ನು, ಫಿಕ್ಸೊ ಎಂಬ ರಕ್ಷಣೆಯ ಆಟಗಾರ ಹಿಂದೆ ನಿಂತು ನಡೆಸುವ ಆಟವನ್ನು, ಆಲಾ ಎಂಬ ಎರಡೂ ಬದಿಯ ಆಟಗಾರರು ಜಾಗ ಬದಲಿಸಿಕೊಳ್ಳುವುದನ್ನು, ಪಿವೊ ಎಂಬ ಮುಂದಿನ ಆಟಗಾರ ಬೆನ್ನಿನಿಂದ ಎದುರಾಳಿಯನ್ನು ತಡೆದು ಚೆಂಡು ಹಿಡಿದಿಡುವುದನ್ನು ಪ್ರಯೋಗಿಸಿ ನೋಡಲು ಪಂದ್ಯದಲ್ಲಿ ಪುರಸೊತ್ತೇ ಸಿಗುವುದಿಲ್ಲ. ಎರಡು ವರ್ಷಗಳ ನಂತರ, 2025ರ ಸೆಪ್ಟೆಂಬರಿನಲ್ಲಿ ಕುವೈತ್‌ನಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಮಂಗೋಲಿಯಾವನ್ನು ಸೋಲಿಸಿ ತಂಡ ಮೊದಲ ಗೆಲುವು ಕಂಡಿತು. ಅದೇ ಗುಂಪಿನಲ್ಲಿದ್ದ ಕುವೈತ್ ಮತ್ತು ಆಸ್ಟ್ರೇಲಿಯಾ ತಂಡಗಳು ಬೇರೆಯೇ ಮಟ್ಟದವು. ಮಂಗೋಲಿಯಾ ನಮಗೆ ಹತ್ತಿರದ ಜೋಡಿಯಾಗಿತ್ತು.

ನೆರೆಯ ದೇಶಗಳು ತಮ್ಮತಮ್ಮೊಳಗೆ ಆಡುವ ಟೂರ್ನಿಗೆ ಬೆಲೆ ಇರುವುದು ಇಲ್ಲಿ. ಅರ್ಹತಾ ಸುತ್ತಿಗೆ ಹೋಗಿ ಎರಡು ಮೂರು ಪಂದ್ಯ ಆಡಿ ಮರಳುವ ತಂಡಕ್ಕೆ, ಏಳು ತಂಡಗಳು ಪರಸ್ಪರ ಎಲ್ಲರೊಡನೆ ಆಡುವ ಲೀಗ್ ಮಾದರಿಯಲ್ಲಿ ಎರಡು ವಾರದೊಳಗೆ ಆರು ಪಂದ್ಯಗಳು ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಯಾರು ಗೆಲ್ಲುತ್ತಾರೆಂದು ಮೊದಲೇ ಹೇಳಲಾಗದ ಪಂದ್ಯಗಳು. ಇಂದು ಸೋತ ತಂಡ ನಾಡಿದ್ದು ಬೇರೊಬ್ಬ ಸಮಬಲದವನ ಎದುರು ಅದೇ ತಪ್ಪನ್ನು ತಿದ್ದಿಕೊಂಡು ಆಡಬಹುದು. ತರಬೇತುದಾರ ಹೇಳಿದ್ದನ್ನು ಅಂಕಣದಲ್ಲಿ ಒರೆಗೆ ಹಚ್ಚುವ ಕಲ್ಲು ಇದೇ.

ಇದು ನನ್ನ ಊಹೆಯಷ್ಟೇ ಎನ್ನುವವರು ನಮ್ಮ ಪೂರ್ವಕ್ಕಿರುವ ದೇಶಗಳನ್ನು ನೋಡಬೇಕು. ಆಗ್ನೇಯ ಏಷ್ಯಾದ ದೇಶಗಳು 2001ರಿಂದ ತಮ್ಮದೇ ಫುಟ್ಸಾಲ್ ಚಾಂಪಿಯನ್‌ಷಿಪ್ ನಡೆಸುತ್ತ ಬಂದಿವೆ. ಅಲ್ಲಿ ಥಾಯ್ಲೆಂಡಿನದೇ ಏಕಚಕ್ರಾಧಿಪತ್ಯ. ಅವರು ಬಿಟ್ಟುಕೊಟ್ಟ ವರ್ಷಗಳನ್ನು ಬೆರಳಲ್ಲಿ ಎಣಿಸಬಹುದು. ವಿಯೆಟ್ನಾಂ ಒಮ್ಮೆಯೂ ಗೆದ್ದಿರಲಿಲ್ಲ. ಆದರೂ ಮತ್ತೆಮತ್ತೆ ಥಾಯ್ಲೆಂಡ್, ಇಂಡೋನೇಷ್ಯಾ, ಮಲೇಷ್ಯಾಗಳ ಎದುರು ಆಡಿ ಆಡಿ ಗಟ್ಟಿಯಾದ ಆ ತಂಡ, 2016ರ ಏಷ್ಯನ್ ಟೂರ್ನಿಯ ಕ್ವಾರ್ಟರ್ ಫೈನಲ್‌ನಲ್ಲಿ ಅಂದಿನ ಚಾಂಪಿಯನ್ ಜಪಾನನ್ನು ಪೆನಾಲ್ಟಿಯಲ್ಲಿ ಮಣಿಸಿ ಕೊಲಂಬಿಯಾದ ವಿಶ್ವಕಪ್ಪಿಗೆ ಹೋಯಿತು. ಅಲ್ಲಿ ಮೊದಲ ಯತ್ನದಲ್ಲೇ ಕೊನೆಯ ಹದಿನಾರರ ಘಟ್ಟ ತಲುಪಿತು, ಮುಂದಿನ ವಿಶ್ವಕಪ್ಪಿನಲ್ಲೂ ಅಲ್ಲಿಯವರೆಗೆ ಹೋಯಿತು. ಮನೆಯ ಕಪ್ಪು ಗೆಲ್ಲದೆಯೂ ಲೋಕದ ಅಂಗಳಕ್ಕೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇಂಡೋನೇಷ್ಯಾ 2010ರಲ್ಲಿ, ಥಾಯ್ಲೆಂಡ್ ಆಡದಿದ್ದ ವರ್ಷ, ಪ್ರಶಸ್ತಿ ಗೆದ್ದಿತ್ತು. 2024ರಲ್ಲಿ ಥಾಯ್ಲೆಂಡಿನ ನೆಲದಲ್ಲೇ ಫೈನಲಿನಲ್ಲಿ ವಿಯೆಟ್ನಾಮನ್ನು ಸೋಲಿಸಿ ಮತ್ತೆ ಗೆದ್ದಿತು.

ಅಫ್ಘಾನಿಸ್ತಾನದ ಕತೆ ನನ್ನನ್ನು ಹೆಚ್ಚು ತಟ್ಟುತ್ತದೆ, ಏಕೆಂದರೆ ಅವರು ಒಂದು ಕಾಲಕ್ಕೆ ನಮ್ಮ ಪಂಕ್ತಿಯಲ್ಲೇ ಕೂತವರು. 2005ರಿಂದ 2015ರವರೆಗೆ ದಕ್ಷಿಣ ಏಷ್ಯಾದ ಒಕ್ಕೂಟದಲ್ಲಿದ್ದು, 2013ರಲ್ಲಿ ಕಠ್ಮಂಡುವಿನ ಫೈನಲಿನಲ್ಲಿ ಭಾರತವನ್ನು 2-0ಯಿಂದ ಸೋಲಿಸಿ ದೊಡ್ಡ ಮೈದಾನದ ಸ್ಯಾಫ್ ಕಪ್ಪನ್ನು ಒಯ್ದವರು. ನಂತರ ಮಧ್ಯ ಏಷ್ಯಾದ ಒಕ್ಕೂಟ ಸೇರಿದರು. ಅಲ್ಲಿ ಅವರ ನೆರೆಯವರು ಇರಾನ್, ಉಜ್ಬೇಕಿಸ್ತಾನ್, ತಜಿಕಿಸ್ತಾನ್. ಏಷ್ಯಾದ ಪ್ರಶಸ್ತಿಯನ್ನು 2024ರವರೆಗೆ ಹದಿಮೂರು ಸಲ ಗೆದ್ದ ಇರಾನನ್ನು ಪಕ್ಕದ ಮನೆಯವನನ್ನಾಗಿ ಪಡೆಯುವುದು ಕಷ್ಟವೂ ಹೌದು, ಭಾಗ್ಯವೂ ಹೌದು. ದೇಶದೊಳಗೆ ಅಷ್ಟೆಲ್ಲ ಸಂಕಟಗಳಿದ್ದರೂ ಆ ಹುಡುಗರು 2024ರಲ್ಲಿ ಉಜ್ಬೇಕಿಸ್ತಾನದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಮೊದಲ ಬಾರಿಗೆ ಆಡಿ, ಕೊನೆಯ ಹದಿನಾರರವರೆಗೆ ಹೋದರು.

ನಮ್ಮ ದಕ್ಷಿಣ ಏಷ್ಯಾದ ಪಂಕ್ತಿಯಲ್ಲೂ ಯಾರೂ ಬರಿಗೈಯಲ್ಲಿ ಬಂದವರಲ್ಲ. ಮಾಲ್ಡೀವ್ಸ್‌ನ ರಾಜಧಾನಿ ಮಾಲೆ ಸಮುದ್ರದ ನಡುವೆ ಕಟ್ಟಡಗಳು ಒತ್ತಿ ನಿಂತ ಪುಟ್ಟ ದ್ವೀಪ. ದೊಡ್ಡ ಮೈದಾನಕ್ಕೆ ಜಾಗವೇ ಅಪರೂಪವಾದ ಅಲ್ಲಿ ಕಚೇರಿಗಳೂ ಕಂಪನಿಗಳೂ ತಂಡ ಕಟ್ಟಿಕೊಂಡು ಕ್ಲಬ್ ಮಾಲ್ಡೀವ್ಸ್ ಕಪ್ ಎಂಬ ಫುಟ್ಸಾಲ್ ಟೂರ್ನಿಯನ್ನು ವರ್ಷವರ್ಷ ಆಡುತ್ತವೆ. ಬ್ಯಾಂಕಿನ ಗುಮಾಸ್ತನೂ ಬಂದರಿನ ನೌಕರನೂ ಸಂಜೆ ಬೂಟು ಕಟ್ಟಿಕೊಂಡು ಇಳಿಯುವ ಊರಿನಲ್ಲಿ ರಾಷ್ಟ್ರೀಯ ತಂಡಕ್ಕೆ ಆಟಗಾರರ ಬರ ಬರುವುದಿಲ್ಲ. ಕಠ್ಮಂಡು ಕಣಿವೆಯಲ್ಲೂ ಫುಟ್ಸಾಲ್ ಅಂಕಣಗಳಿಗೆ ಕೊರತೆಯಿಲ್ಲ. ಭಾರತ ಗಾತ್ರದಲ್ಲಿ ಎಲ್ಲರಿಗಿಂತ ದೊಡ್ಡದಾದರೂ ಈ ಆಟದಲ್ಲಿ ಅದು ಹಿರಿಯಣ್ಣನಲ್ಲ. ಆದ್ದರಿಂದಲೇ ಈ ಟೂರ್ನಿ ನಮಗೆ ನಿಜವಾದ ಸರಿಜೋಡಿ. ನಮ್ಮ ರಾಷ್ಟ್ರೀಯ ಲೀಗಿನ ಮೊದಲ ರೂಪವಾದ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ದೆಹಲಿಯಲ್ಲಿ ನಡೆದದ್ದು 2021ರಲ್ಲಿ. ಅದಕ್ಕೂ ಮೊದಲು 2016ರಲ್ಲಿ ಬ್ರೆಜಿಲಿನ ಫಾಲ್ಕಾವ್, ರೊನಾಲ್ಡಿನೊ ಅವರಂಥ ದಿಗ್ಗಜರನ್ನು ಕರೆತಂದ ಖಾಸಗಿ ಲೀಗ್ ಒಂದು ಬಂದು ಹೋಗಿತ್ತು. ದಿಗ್ಗಜರು ಬಂದಾಗ ಜನ ಚಪ್ಪಾಳೆ ತಟ್ಟಿದರು, ಹೋದ ಮೇಲೆ ಊರೂರಿನಲ್ಲಿ ಅಂಕಣ ಉಳಿಯಲಿಲ್ಲ.

ಮಹಿಳೆಯರ ಟೂರ್ನಿಯ ಬಗ್ಗೆ ಹೇಳುವಾಗ ನನ್ನ ಮಾತು ಸ್ವಲ್ಪ ನಿಧಾನವಾಗುತ್ತದೆ. ಮೊದಲ ಪ್ರಶಸ್ತಿಯನ್ನು ಬಾಂಗ್ಲಾದೇಶ ಗೆದ್ದಿತು. ತಂಡದ ನಾಯಕಿ ಸಬಿನಾ ಖಾತೂನ್ 2022 ಮತ್ತು 2024ರಲ್ಲಿ ಕಠ್ಮಂಡುವಿನಲ್ಲಿ ನೇಪಾಳವನ್ನು ಸೋಲಿಸಿ ದೊಡ್ಡ ಮೈದಾನದ ಸ್ಯಾಫ್ ಕಪ್ಪನ್ನೂ ಎರಡು ಸಲ ಎತ್ತಿದವರು. ಈ ಫುಟ್ಸಾಲ್ ಟೂರ್ನಿಗೆ ಕೆಲವೇ ವಾರ ಮೊದಲು, 2025ರ ನವೆಂಬರ್ ಮತ್ತು ಡಿಸೆಂಬರಿನಲ್ಲಿ, ಫಿಲಿಪ್ಪೀನ್ಸ್‌ನಲ್ಲಿ ಮಹಿಳೆಯರ ಮೊದಲ ಫುಟ್ಸಾಲ್ ವಿಶ್ವಕಪ್ ನಡೆದು ಬ್ರೆಜಿಲ್ ಗೆದ್ದಿತ್ತು. ಪುರುಷರ ವಿಶ್ವಕಪ್ ಆರಂಭವಾದದ್ದು 1989ರಲ್ಲಿ. ಹೆಣ್ಣುಮಕ್ಕಳು ಅಲ್ಲಿಂದ 36 ವರ್ಷ ಕಾಯಬೇಕಾಯಿತು. ಮಗಳು ಈ ಲೆಕ್ಕವನ್ನು ಕೇಳಿ, ಅವರು ಅಷ್ಟು ದಿನ ಎಲ್ಲಿ ಆಡುತ್ತಿದ್ದರು ಎಂದು ಕೇಳಿದಳು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳೇ, ನಮ್ಮ ಹಾಗೆ ಎಲ್ಲಿ ಬಿಟ್ಟರೆ ಅಲ್ಲಿ ಆಡಿರುತ್ತಾರೆ ಎಂದಳು.

ಆ ಮಾತಿನ ಹಿಂದೆ ಒಂದು ನೋವಿದೆ. ಅವಳೂ ಅವಳ ಗೆಳತಿಯರೂ ಸೇರಿ ಎಂಟು ಹುಡುಗಿಯರು ಫುಟ್ಸಾಲ್ ಆಡಲು ಜಾಗ ಹುಡುಕುತ್ತಿದ್ದಾಗ ನಾನು ಅವರ ಪರವಾಗಿ ನಗರದ ಒಂದು ಒಳಾಂಗಣಕ್ಕೆ ಹೋಗಿ ಕೇಳಿದ್ದೆ. ನೆಲ ಹಾಳಾಗುತ್ತದೆ ಎಂದರು. ಗುರುತು ಬೀಳದ ರಬ್ಬರ್ ತಳದ ಬೂಟು ಮಾತ್ರ ಹಾಕುತ್ತಾರೆ, ಬೇಕಾದರೆ ತೋರಿಸುತ್ತೇನೆ ಎಂದು ಚೀಲದಿಂದ ಜೋಡಿಯೊಂದನ್ನು ತೆಗೆದೆ. ನೋಡದೆಯೇ, ಹೆಣ್ಣುಮಕ್ಕಳಿಗೆ ಷಟಲ್ ಇದೆಯಲ್ಲ ಎಂದರು. ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಹೊರಗೆ ಬಂದು ಸ್ಕೂಟರ್ ಹತ್ತುವವರೆಗೂ ಅವಳು ಮಾತಾಡಲಿಲ್ಲ, ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಗಾಡಿ ನಿಂತಾಗ ಹಿಂದಿನಿಂದ ಬೂಟಿನ ಲೇಸನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು.

ನಾನು 2023ರ ಮಳೆಗಾಲದ ಶುರುವಿನಲ್ಲಿ ಬೆಂಗಳೂರಿಗೆ ರೈಲು ಹತ್ತಿ ಹೋಗಿ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಫುಟ್‌ಬಾಲ್ ಪಂದ್ಯ ನೋಡಿದ್ದೆ. ಜೂನ್ 21ರಂದು ಭಾರತ ಪಾಕಿಸ್ತಾನವನ್ನು 4-0ಯಿಂದ ಸೋಲಿಸಿತು, ಸುನಿಲ್ ಛೆಟ್ರಿ ಹ್ಯಾಟ್ರಿಕ್ ಹೊಡೆದರು. ವೀಸಾ ತಡವಾಗಿ ಸಿಕ್ಕಿದ್ದರಿಂದ ಪಾಕಿಸ್ತಾನದ ಆಟಗಾರರು ಪಂದ್ಯದ ದಿನವೇ ಊರು ಮುಟ್ಟಿದ್ದರು. ನಮ್ಮ ತಂಡ ಗೆದ್ದ ಸಂತೋಷದ ನಡುವೆಯೂ, ನಿದ್ದೆಗೆಟ್ಟ ಕಾಲುಗಳ ಎದುರು ಆಡಿದ ಪಂದ್ಯ ಪೂರ್ತಿ ಸರಿಜೋಡಿಯಲ್ಲ ಎಂದು ನನಗೆ ಅನಿಸಿತ್ತು. ಜುಲೈ 4ರ ಫೈನಲಿನಲ್ಲಿ ಅತಿಥಿಯಾಗಿ ಬಂದಿದ್ದ ಕುವೈತನ್ನು ಪೆನಾಲ್ಟಿಯಲ್ಲಿ ಸೋಲಿಸಿ ಭಾರತ ಒಂಬತ್ತನೇ ಸಲ ಕಪ್ಪು ಗೆದ್ದದ್ದು, ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಹೊಡೆತವನ್ನು ತಡೆದದ್ದು ಎಲ್ಲರಿಗೂ ನೆನಪಿದೆ. ಆದರೆ ಮೊದಲ ಫುಟ್ಸಾಲ್ ಟೂರ್ನಿ ಈ ಏಳು ದೇಶಗಳಲ್ಲಿ ಒಂದರಲ್ಲೂ ನಡೆಯದೆ, ಏಳು ಮನೆಯವರೂ ದೂರದ ಎಂಟನೆಯ ಮನೆಗೆ ಹೋಗಿ ಆಡಬೇಕಾಯಿತು ಎಂಬುದು ನನ್ನನ್ನು ಇನ್ನೂ ಕಾಡುತ್ತಿದೆ. ಥಾಯ್ಲೆಂಡಿನಲ್ಲಿ ಒಳ್ಳೆಯ ಅಂಕಣವಿದೆ, ಎಲ್ಲರಿಗೂ ಹೋಗಿಬರಲು ಅನುಕೂಲವಿದೆ, ಒಪ್ಪುತ್ತೇನೆ. ಆದರೆ ಅಖಾಡದ ಸುತ್ತ ಊರಿನವರು ಕೂರದಿದ್ದರೆ ಜೋಡಿ ಕಟ್ಟಿದ್ದು ಯಾರಿಗೂ ತಿಳಿಯುವುದಿಲ್ಲ. ಆ ಆಟವನ್ನು ನೋಡಿ ನಾಳೆ ಗರಡಿಗೆ ಬರಬೇಕಾದ ಹುಡುಗ, ಹುಡುಗಿ ಅಲ್ಲಿ ಇರುವುದಿಲ್ಲ.

ಇಂಥ ಟೂರ್ನಿಯನ್ನು ದೊಡ್ಡ ಮಹಾನಗರಕ್ಕೇ ಕೊಡಬೇಕೆಂದಿಲ್ಲ. ಹನ್ನೊಂದು ಜನರ ಫುಟ್‌ಬಾಲಿಗೆ ಬೇಕಾದ ಹುಲ್ಲಿನ ಮೈದಾನವನ್ನು ನಮ್ಮ ಬಯಲುಸೀಮೆಯಲ್ಲಿ ವರ್ಷವಿಡೀ ಹಸಿರಾಗಿಡುವುದು ಎಷ್ಟು ಕಷ್ಟವೆಂದು ಏಪ್ರಿಲ್ ತಿಂಗಳಲ್ಲಿ ದಾವಣಗೆರೆಗೋ ಚಿತ್ರದುರ್ಗಕ್ಕೋ ಬಂದವರಿಗೆ ಗೊತ್ತು. ಮಣ್ಣು ಬಿರುಕು ಬಿಟ್ಟು, ಚೆಂಡು ಬಿದ್ದಲ್ಲೆಲ್ಲ ಧೂಳು ಏಳುತ್ತದೆ. ಫುಟ್ಸಾಲ್‌ಗೆ ನೀರೂ ಬೇಡ, ಹುಲ್ಲೂ ಬೇಡ. ಮೇಲೊಂದು ಸೂರು, ಕೆಳಗೊಂದು ಸಮತಟ್ಟು ನೆಲ ಸಾಕು. ಬೆಟ್ಟಗಳ ನಡುವಿನ ಮಿಜೋರಾಂನ ಹುಡುಗರು ಭಾರತದ ತಂಡದಲ್ಲಿ ಎದ್ದು ಕಾಣುತ್ತಾರೆ. ಅಲ್ಲಿಗೆ ಇಳಿಜಾರು ಹೇಗೋ ನಮಗೆ ಬಿಸಿಲು ಹಾಗೆ. ಜಾಗ ಇಲ್ಲದವರ, ನೀರು ಇಲ್ಲದವರ ಆಟ ಇದು.

ಈಗ ಹ್ಯಾಂಡ್‌ಬಾಲ್‌ಗೆ ಮರಳುತ್ತೇನೆ. ಹ್ಯಾಂಡ್‌ಬಾಲ್ ಅಂಕಣ ನಲವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲ. ಗೋಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಅಂತರರಾಷ್ಟ್ರೀಯ ಫುಟ್ಸಾಲ್ ಪಂದ್ಯದ ಅಂಕಣ 38ರಿಂದ 42 ಮೀಟರ್ ಉದ್ದ, 20ರಿಂದ 25 ಮೀಟರ್ ಅಗಲ ಇರಬೇಕು. ಗೋಲು ಅದೇ ಮೂರು, ಅದೇ ಎರಡು. ಗೋಲಿನ ಮುಂದೆ ಎರಡೂ ಕಂಬಗಳಿಂದ ಆರು ಮೀಟರ್ ತ್ರಿಜ್ಯದಲ್ಲಿ ಎಳೆಯುವ ಕಮಾನೂ ಎರಡು ಆಟಗಳಿಗೂ ಹೆಚ್ಚುಕಡಿಮೆ ಒಂದೇ. ಅಂದರೆ ನಮ್ಮ ಕಾಲೇಜುಗಳಲ್ಲಿ ಹ್ಯಾಂಡ್‌ಬಾಲ್ ತಂಡ ಎಲ್ಲಿದೆಯೋ ಅಲ್ಲೆಲ್ಲ ಫುಟ್ಸಾಲ್ ಅಂಕಣ ಈಗಾಗಲೇ ಮುಕ್ಕಾಲು ಪಾಲು ಸಿದ್ಧವಾಗಿದೆ. ಇದು ಹೊಳೆದ ದಿನ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಎರಡೂ ಅಂಕಣಗಳನ್ನು ಒಂದರ ಮೇಲೊಂದು ಬರೆದು ನೋಡಿದೆ. ಬೇಕಾದದ್ದು ಆರು ಮೀಟರಿನ ಪೆನಾಲ್ಟಿ ಗುರುತು, ಹತ್ತು ಮೀಟರಿನ ಎರಡನೇ ಗುರುತು, ಬೆಂಚಿನ ಮುಂದೆ ಆಟಗಾರರು ಬದಲಾಗುವ ಐದು ಮೀಟರಿನ ಜಾಗ, ನಾಲ್ಕು ಮೂಲೆಗಳಲ್ಲಿ ಕಾರ್ನರಿನ ಪುಟ್ಟ ಕಮಾನು.

ಹ್ಯಾಂಡ್‌ಬಾಲ್ ಅಂಕಣವಿರುವ ಕಾಲೇಜೊಂದರ ದೈಹಿಕ ಶಿಕ್ಷಕರು ನನ್ನ ಹಾಳೆಯನ್ನು ನೋಡಿದರು. ಅವರು ಪ್ರಾಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು ಎಂಬುದು ಕುಸ್ತಿಯಲ್ಲಿ ಜಜ್ಜಿ ಮುದುಡಿದ ಕಿವಿ ನೋಡಿದರೆ ತಿಳಿಯುತ್ತದೆ. ಭಾನುವಾರ ಬೆಳಿಗ್ಗೆ ಆರರಿಂದ ಎಂಟರವರೆಗೆ ಆಡಿಕೊಳ್ಳಿ, ಬಿಳಿ ಗೆರೆ ನಮ್ಮದು, ನಿಮ್ಮದಕ್ಕೆ ಬೇರೆ ಬಣ್ಣ ಹಾಕಿ ಎಂದರು. ಚಿತ್ರದುರ್ಗದ ಕಡೆಯ ಹುಡುಗಿಯರ ತಂಡವೊಂದು ಬರಲು ಒಪ್ಪಿತು. ಅವರೂ ನಮ್ಮವರಂತೆ ಆರು ತಿಂಗಳ ಹಿಂದಷ್ಟೇ ಆಟ ಕಲಿತವರು ಎಂದು ತಿಳಿದಾಗ ಶಿಕ್ಷಕರು, ಹಾಗಾದರೆ ಜೋಡಿ ಸರಿಯಾಯಿತು ಎಂದು ಹೇಳಿದ್ದು ನನ್ನ ಕಿವಿಗೆ ಅಪ್ಪನ ದನಿಯಲ್ಲೇ ಕೇಳಿಸಿತು.

ಶನಿವಾರ ಸಂಜೆ ಬಿಸಿಲು ಇಳಿದ ಮೇಲೆ ನಾನೂ ಮಗಳೂ ಹಳದಿ ಪೇಂಟಿನ ಡಬ್ಬಿ, ಅರ್ಧ ಇಂಚಿನ ಬ್ರಷ್ಷು, ಉದ್ದದ ಟೇಪು ಹಿಡಿದು ಅಲ್ಲಿಗೆ ಹೋದೆವು. ನೆಲ ಹಗಲಿನ ಕಾವನ್ನು ಇನ್ನೂ ಬಿಟ್ಟಿರಲಿಲ್ಲ, ಮಂಡಿಯೂರಿದರೆ ಪ್ಯಾಂಟಿನ ಮೂಲಕ ಸುಡುತ್ತಿತ್ತು. ಎರಡು ಗೋಲುಕಂಬಗಳ ನಟ್ಟನಡುವಿನ ಬಿಂದುವಿನ ಮೇಲೆ ಅವಳು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ನಾನು ಹಿಂದಕ್ಕೆ ನಡೆಯುತ್ತ ಹೋಗಿ ಆರು ಮೀಟರಿನಲ್ಲಿ ಒಂದು ಚುಕ್ಕೆ ಇಟ್ಟೆ. ಇನ್ನೂ ನಾಲ್ಕು ಮೀಟರ್ ಸರಿದು ಹತ್ತರಲ್ಲಿ ಇನ್ನೊಂದು. ಪೇಂಟು ಬಿಸಿ ಸಿಮೆಂಟಿನ ಮೇಲೆ ಕ್ಷಣದಲ್ಲೇ ಒಣಗಿತು. ಅವಳು ಎದ್ದು ಬಂದು ಹತ್ತರ ಚುಕ್ಕೆಯ ಹಿಂದೆ ನಿಂತು ಗೋಲಿನ ಕಡೆ ಬಹಳ ಹೊತ್ತು ನೋಡಿದಳು. ನಾಳೆ ನಾವು ಐದು ತಪ್ಪಿನ ಒಳಗೇ ಇರಬೇಕು ಎಂದಳು, ಬ್ರಷ್ಷನ್ನು ನನ್ನ ಕೈಯಿಂದ ತೆಗೆದುಕೊಂಡು ಆಚೆ ಬದಿಯ ಗೋಲಿನತ್ತ ಹೊರಟಳು.